ದಂಡಿನ ಸಂಜೆಗಳು, ಹದಿಮೂರು ರೂಪಾಯಿ ಬಾಕಿ

ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಶುಕ್ರವಾರ ಸಂಜೆ ಕಂಪೆನಿ ಬಸ್ಸುಗಳಿಂದ ಇಳಿಯುವವರ ಮಾತು ಕೇಳುತ್ತ ನಿಂತರೆ ಕನ್ನಡ ಕಿವಿಗೆ ಬೀಳುವುದು ಅಪರೂಪ. ಒಡಿಶಾ, ಬಿಹಾರ, ಬಂಗಾಳದವರ ನಡುವೆ ಆರು ತಿಂಗಳಿಗೋ ವರ್ಷಕ್ಕೋ ಕಡಲಾಚೆಯಿಂದ ಕೆಲಸಕ್ಕೆ ಬಂದವರೂ ಇರುತ್ತಾರೆ. ಮುಂದೆ ಎರಡು ದಿನ ರಜೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ಹೊತ್ತು ಕಳೆಯುವುದು ಹೇಗೆ?

ಬೆಂಗಳೂರಿಗೆ ಈ ಪ್ರಶ್ನೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಬಳಿಗೆ ಬಂದು ಬೀಡುಬಿಟ್ಟಾಗಲೇ ಅದು ಹುಟ್ಟಿಕೊಂಡಿತು. ಆ ಬೀಡೇ ಮುಂದೆ ಜನರ ಬಾಯಲ್ಲಿ ‘ದಂಡು’ ಆಯಿತು. ಸಿಪಾಯಿಗಳಿಗೆ ಬೆಳಗ್ಗೆ ಕವಾಯತು ಉಂಟು. ಉಳಿದ ಹೊತ್ತಿಗೆ ಏನು ಮಾಡಬೇಕು? ಈ ಬೇಸರದಿಂದಲೇ ದಂಡಿನ ಅರ್ಧ ಭಾಗ ಎದ್ದಿತು ಎಂದರೆ ಅತಿಶಯೋಕ್ತಿಯಾಗದು. 1868ರಲ್ಲಿ ಸೇನಾಧಿಕಾರಿಗಳ ಯುನೈಟೆಡ್ ಸರ್ವಿಸ್ ಕ್ಲಬ್ ಬಂತು. ಇಂದಿನ ಬೆಂಗಳೂರು ಕ್ಲಬ್ ಅದೇ. ಬೌರಿಂಗ್ ಇನ್‌ಸ್ಟಿಟ್ಯೂಟ್ ಕೂಡ ಅದೇ ವರ್ಷದ್ದು. 1876ರಲ್ಲಿ ಗಾಲ್ಫ್ ಕ್ಲಬ್, 1887ರಲ್ಲಿ ಮುಂದೆ ವೆಸ್ಟ್ ಎಂಡ್ ಹೋಟೆಲಾಗಿ ಬೆಳೆದ ವಸತಿಗೃಹ, ಇವುಗಳ ಜತೆಗೆ ಪೋಲೋ ಮೈದಾನ, ಕುದುರೆ ಜೂಜು.

ಈ ಬದುಕು ದಿನದಿನಕ್ಕೆ ಹೇಗಿತ್ತೆಂದು ತಿಳಿಯಲು ಒಳ್ಳೆಯ ಸಾಕ್ಷಿಯೆಂದರೆ ವಿನ್‌ಸ್ಟನ್ ಚರ್ಚಿಲ್. ನಾಲ್ಕನೆಯ ಹುಸ್ಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಆತ 1896ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದಾಗ ವಯಸ್ಸು 21. ಇನ್ನಿಬ್ಬರು ಗೆಳೆಯರೊಂದಿಗೆ ದೊಡ್ಡ ಬಂಗಲೆಯೊಂದನ್ನು ಹಿಡಿದ. ದಿನಚರಿಯನ್ನು 1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತನೇ ವಿವರಿಸಿದ್ದಾನೆ. ಬೆಳಗ್ಗೆ ಆರಕ್ಕೆ ಕವಾಯತು. ಹತ್ತೂವರೆ ಹೊತ್ತಿಗೆ ಕೆಲಸವೆಲ್ಲ ಮುಗಿದು ಬಿಸಿಲೇರುವ ಮೊದಲೇ ಬಂಗಲೆ. ಸಂಜೆ ಐದಕ್ಕೆ ಪೋಲೋ. ರಾತ್ರಿ ಬ್ಯಾಂಡಿನ ಸಂಗೀತದೊಡನೆ ಊಟ, ಬೆಳದಿಂಗಳಲ್ಲಿ ಧೂಮಪಾನ, ಆಮೇಲೆ ನಿದ್ದೆ.

ಮಧ್ಯಾಹ್ನದ ದೀರ್ಘ ಬಿಡುವಿನಲ್ಲಿ ಆತ ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ. ಚಿಟ್ಟೆಗಳ ಸಂಗ್ರಹ ಇಲಿಯ ಪಾಲಾಯಿತು! ನಂತರ ಓದು ಹತ್ತಿತು. ತಾಯಿ ಕಳಿಸಿದ ಗಿಬ್ಬನ್, ಮೆಕಾಲೆ, ಪ್ಲೇಟೋ ಗ್ರಂಥಗಳನ್ನು ದಿನಕ್ಕೆ ನಾಲ್ಕೈದು ತಾಸು ಓದಿದ. ಕಾಲೇಜಿನ ಮೆಟ್ಟಿಲು ಹತ್ತದ ಈ ತರುಣನ ವಿಶ್ವವಿದ್ಯಾಲಯ ಬೆಂಗಳೂರಿನ ಬಂಗಲೆಯೇ. 

ಸ್ನಾನಕ್ಕೆ ನೀರು ಕಾಯಿಸುವುದು, ಬಟ್ಟೆ ತೊಡಿಸುವುದು, ಕುದುರೆ ನೋಡಿಕೊಳ್ಳುವುದು, ಮನೆಯ ಲೆಕ್ಕ, ಎಲ್ಲಕ್ಕೂ ಆಳುಗಳಿದ್ದರು. ಬಟ್ಲರ್, ಡ್ರೆಸ್ಸಿಂಗ್ ಬಾಯ್, ಸಾಯಿಸ್ ಎಂಬ ಹುದ್ದೆಗಳು ಚರ್ಚಿಲ್ ಬರಹದಲ್ಲಿವೆ. ಪೋಲೋ ಕುದುರೆಗಳಿಗೆ ಸಂಬಳ ಸಾಲದೆ ಸ್ಥಳೀಯ ಲೇವಾದೇವಿಗಾರರ ಮುಂದೆ ಕೈಚಾಚಿದ್ದೂ ಇದೆ. ಊರಿನವರೊಂದಿಗೆ ಈ ಪ್ರವಾಸಿಯ ಒಡನಾಟ ಹೆಚ್ಚುಕಡಿಮೆ ಇಷ್ಟೇ: ಒಬ್ಬ ಆಳು, ಇನ್ನೊಬ್ಬ ಸಾಲಗಾರ.

ಕಬ್ಬನ್ ಪಾರ್ಕಿನ ಆಚೆಗೆ ಪೇಟೆಯಿತ್ತು. 1898ರಲ್ಲಿ ಪ್ಲೇಗ್ ಬಂದು ಆ ಇಕ್ಕಟ್ಟಿನ ಬೀದಿಗಳಲ್ಲಿ ಸಾವಿನ ಮೇಲೆ ಸಾವಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಭಯದಲ್ಲಿ. 1899ರ ಜೂನ್‌ನಲ್ಲಿ ಕ್ಲಬ್ ಸಮಿತಿ ವಸೂಲಾಗದ ಬಾಕಿಗಳ ಪಟ್ಟಿ ಮಾಡಿತು. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನೆದುರು 13 ರೂಪಾಯಿ. ಆಗಲೇ ಆತ ಊರು ಬಿಟ್ಟಾಗಿತ್ತು. ಆ ಲೆಕ್ಕದ ಪುಸ್ತಕವನ್ನು ಕ್ಲಬ್ ಇಂದಿಗೂ ಜೋಪಾನ ಮಾಡಿದೆ. ಬಾಕಿ ತಾವೇ ತೀರಿಸುತ್ತೇವೆಂದು ಬಂದವರನ್ನು ಕ್ಲಬ್ಬಿನವರು ನಗುತ್ತಲೇ ವಾಪಸು ಕಳಿಸಿದ್ದಾರೆ ಎಂಬ ಮಾತೂ ಇದೆ.

ಆ ಕಾಲದಲ್ಲಿ ಕ್ಲಬ್ಬಿನೊಳಗೆ ಭಾರತೀಯ ಹೋಗುತ್ತಿದ್ದುದು ತಟ್ಟೆ ಲೋಟ ಹಿಡಿದು ಮಾತ್ರ. ದಿವಾನ್ ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ಹೊರಗಿನಿಂದ ಬಂದವರೆಲ್ಲ ಹೀಗೆಯೇ ಇದ್ದರೆಂದಲ್ಲ. ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪಾದ್ರಿಯ ಮಗ. ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಶಾಸನಗಳ ಬೆನ್ನು ಹತ್ತಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಬಂತು, ಅವರು ಓದಿಸಿ ಅಚ್ಚುಹಾಕಿಸಿದ ಶಾಸನಗಳು ಸುಮಾರು 9,000. ಚರ್ಚಿಲ್ ಚಿಟ್ಟೆ ಹಿಡಿಯುತ್ತಿದ್ದ ವರ್ಷಗಳಲ್ಲೇ ಈ ಕೆಲಸ ನಡೆದಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಶಾಸನ ಎಂದೊಡನೆ ಸಿಂಗಸಂದ್ರದವರು ದೂರ ಹೋಗಬೇಕಿಲ್ಲ. ಕೆಲವೇ ಕಿಲೋಮೀಟರ್ ಆಚೆ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನ ಕಲ್ಲು ಅದು. ಈ ಊರಿನ ಹೆಸರು ಬರಹದಲ್ಲಿ ಸಿಗುವುದು ಅಲ್ಲಿಯೇ ಮೊದಲು. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನ ಮಾತು. ಶನಿವಾರದ ಮಾಲ್ ಸುತ್ತಾಟದ ನಡುವೆ ಅದನ್ನು ಕಂಡವರು ಎಷ್ಟು ಮಂದಿಯೋ!

ಇನ್ನು ಲಾಲ್‌ಬಾಗ್. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಸಿಂಗಸಂದ್ರ ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮೂರನೆಯ ನಿಲ್ದಾಣವೇ ಲಾಲ್‌ಬಾಗ್. ಹೈದರಾಲಿ ಶುರುಮಾಡಿದ ಈ ತೋಟವನ್ನು 1874ರಿಂದ ಜಾನ್ ಕ್ಯಾಮರಾನ್ ನೋಡಿಕೊಂಡರು. ಸೀಮೆಬದನೆಯನ್ನು ಇಲ್ಲಿ ಬೆಳೆಸಿದವರು ಅವರೇ ಎನ್ನುತ್ತಾರೆ. ತಮಿಳರಿಗೆ ಅದು ಇಂದಿಗೂ ‘ಬೆಂಗಳೂರು ಕತ್ತರಿಕ್ಕಾಯ್’. ದಂಡಿನ ದೊರೆಗಳ ಮೇಜಿಗೆ ಬೆಳೆದ ತರಕಾರಿ ಪೇಟೆಯವರ ಸಾಂಬಾರಿಗೂ ಇಳಿಯಿತು. ಕ್ಲಬ್ಬಿಗೆ ಇದ್ದಂಥ ಬೇಲಿ ಅಡುಗೆಮನೆಗೆ ಇರಲಿಲ್ಲವಲ್ಲ.

1908ರಲ್ಲಿ ಕ್ಯಾಮರಾನ್ ಜಾಗಕ್ಕೆ ಬಂದವರು ಜರ್ಮನಿಯ ಜಿ.ಎಚ್. ಕ್ರುಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಅರಸರಲ್ಲಿ ದುಡಿದು ಇಲ್ಲಿಗೆ ಬಂದವರು. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದುದ್ದಕ್ಕೂ ಊರಿನ ಯಾವುದಾದರೂ ಬೀದಿಯಲ್ಲಿ ಹೂವಿರಬೇಕು ಎಂಬ ಲೆಕ್ಕದಲ್ಲಿ ಸಾಲುಮರ ನೆಡಿಸಿದ ಕೀರ್ತಿ ಅವರದು. ಕನ್ನಂಬಾಡಿಯ ಬೃಂದಾವನದಲ್ಲೂ ಅವರ ಕೈಯಿದೆ. ಆ ನೆರಳಿಗೆ, ಆ ಹೂವಿಗೆ ಸದಸ್ಯತ್ವದ ಚೀಟಿ ಬೇಕಿರಲಿಲ್ಲ. ಬೆಂಗಳೂರು ಅವರನ್ನು ಅಷ್ಟೇನೂ ಚೆನ್ನಾಗಿ ನೆನೆದಿಲ್ಲ. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಸಭಾಂಗಣ ಶಿಥಿಲವಾಗಿ 2017ರಲ್ಲಿ ಕುಸಿದುಬಿತ್ತು. ಚರ್ಚಿಲ್‌ನ ಬಾಕಿ ಪುಟಕ್ಕೆ ಸಿಕ್ಕಷ್ಟು ಆರೈಕೆ ಅದಕ್ಕೆ ಸಿಗಲಿಲ್ಲ.

1932ರಲ್ಲಿ ನಿವೃತ್ತರಾದ ಕ್ರುಂಬಿಗಲ್ ತಾಯ್ನಾಡಿಗೆ ಮರಳಲಿಲ್ಲ. ಬೆಂಗಳೂರಿನಲ್ಲೇ ಉಳಿದು 1956ರಲ್ಲಿ ತೀರಿಕೊಂಡರು. ಅವರ ಸಮಾಧಿಯಿರುವುದು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ. ಸಿಂಗಸಂದ್ರದ ಮುಂದೆ ಹಾದುಹೋಗುವ ರಸ್ತೆಯೂ ಅದೇ.