ನೋವು ಮರೆತ ಪಾದದ ಕಥೆ

ಸಕ್ಕರೆ ಕಾಯಿಲೆಯವರ ಕಾಲುಳಿಸುವ ವಿದ್ಯೆಯಲ್ಲಿ ಬಹುಪಾಲು ಕುಷ್ಠರೋಗದ ಆಸ್ಪತ್ರೆಗಳಲ್ಲಿ ಬೆಳೆದದ್ದು ಎಂದರೆ ಸಾಂತಾಕ್ರೂಜಿನ ನಮ್ಮ ಹಿರಿಯರು ಮೂಗು ಮುರಿದಾರು. ಆದರೆ ಸಂಗತಿ ನಿಜ. ಅದೂ ನಮ್ಮ ನೆರೆಯ ತಮಿಳುನಾಡಿನಲ್ಲಿ ನಡೆದದ್ದು.

1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದರು. ಅಲ್ಲಿಂದೀಚೆಗೆ ಮಧುಮೇಹಿಗಳು ಬಹುಕಾಲ ಬದುಕತೊಡಗಿದರು. ನಿಧಾನವಾಗಿ ನರ, ರಕ್ತನಾಳಗಳು ಕೆಡುವ ತೊಂದರೆಯೂ ಹೆಚ್ಚಾಗಿ ಕಾಣಿಸಿಕೊಂಡಿತು. ಪಾದ ಕೊಳೆಯುವುದು ವಿಧಿಲಿಖಿತವಲ್ಲ, ತಪ್ಪಿಸಬಹುದು ಎಂದು ಬಾಸ್ಟನ್ನಿನ ಡಾ. ಎಲಿಯಟ್ ಜಾಸ್ಲಿನ್ 1934ರಲ್ಲೇ ಬರೆದರು.

ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಮಿಷನರಿ ದಂಪತಿಯ ಮಗ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಿಂದ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆಂಬುದು ಆಗಿನ ನಂಬಿಕೆ. ಬ್ರ್ಯಾಂಡ್ ಕಂಡದ್ದೇ ಬೇರೆ. ಆಣಿಯೆದ್ದರೆ ನಾವು ಕುಂಟುತ್ತೇವೆ, ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತೇವೆ. ನೋವೇ ತಿಳಿಯದವನು ಕುಂಟುವುದಿಲ್ಲ. ಒಂದೇ ಜಾಗದ ಮೇಲೆ ಸಾವಿರ ಹೆಜ್ಜೆ ಊರುತ್ತಾನೆ, ಚರ್ಮ ಒಡೆಯುತ್ತದೆ. ರೋಗಾಣುವಿಗಿಂತ ನಡಿಗೆಯೇ ಪಾದವನ್ನು ತಿನ್ನುತ್ತಿತ್ತೆನ್ನಬೇಕು! ಪರಿಹಾರವೂ ಸರಳವೇ: ಮೆತ್ತನೆಯ ರಬ್ಬರಿನ ಚಪ್ಪಲಿ, ಹುಣ್ಣಾದರೆ ಭಾರ ಹಂಚುವ ಪ್ಲಾಸ್ಟರ್ ಕಟ್ಟು, ದಿನವೂ ಪಾದ ನೋಡಿಕೊಳ್ಳುವ ಅಭ್ಯಾಸ.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠಾಸ್ಪತ್ರೆಗೆ ಹೋದರು. ಮಧುಮೇಹದಿಂದ ಮರಗಟ್ಟಿದ ಪಾದದ ಕಥೆಯೂ ಅದೇ ಎಂದು ತಿಳಿದದ್ದರಿಂದ ವೆಲ್ಲೂರಿನ ಪಾಠ ಅಲ್ಲಿಗೂ ಸಂದಿತು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುವ ಕ್ರಮವೂ ಕಾರ್ವಿಲ್‌ನ ಕೆಲಸದಿಂದಲೇ ಹರಡಿತು. ಅದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಗಲ್ಲಿಯ ದವಾಖಾನೆಯಲ್ಲೂ ಎರಡು ನಿಮಿಷದ ಕೆಲಸ.

1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟಿನಲ್ಲಿ ಸೇರಿದ ಯೂರೋಪಿನ ಪ್ರತಿನಿಧಿಗಳು ಇಂಥ ಅಂಗಚ್ಛೇದನವನ್ನು ಐದು ವರ್ಷದಲ್ಲಿ ಅರ್ಧಕ್ಕಿಳಿಸುವ ಗುರಿಯಿಟ್ಟರು. ನಮ್ಮ ಮಹಾರಾಷ್ಟ್ರದಲ್ಲೇ, 2004ರ ಸುಮಾರಿಗೆ, ನಾಗಪುರದ ಡಾ. ಶರದ್ ಪೆಂಡ್ಸೆ ಮೊದಲಾದವರು ಊರೂರಿನ ವೈದ್ಯರನ್ನೂ ಅವರ ಸಹಾಯಕರನ್ನೂ ಜೋಡಿಯಾಗಿ ಈ ಕೆಲಸಕ್ಕೆ ತರಬೇತುಗೊಳಿಸಿದರು. ದೊಡ್ಡ ಆಸ್ಪತ್ರೆಗಿಂತ ಮೊದಲು ಕಾಲು ನೋಡುವವರು ಇವರೇ ತಾನೆ?

ಹೊಟೇಲಿನ ಒಲೆಯ ಮುಂದೆ ದಿನವಿಡೀ ನಿಂತು ಕಾಲ ಕಳೆದವರು ನಮ್ಮಲ್ಲಿ ಎಷ್ಟು ಮಂದಿ! ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವ ಚಟ ಬೇರೆ. ಸಕ್ಕರೆ ಪರೀಕ್ಷೆಗೆ ವಿ. ಎನ್. ದೇಸಾಯಿ ಆಸ್ಪತ್ರೆಗೆ ಹೋಗಲಿ, ಓಣಿಯ ಡಾಕ್ಟರರಲ್ಲಿಗೆ ಹೋಗಲಿ, ಅವರು ಕೇಳಲಿ ಬಿಡಲಿ, ಚಪ್ಪಲಿ ಕಳಚಿ ಪಾದ ತೋರಿಸಬೇಕು. ಇನ್ನು ಬಿಸಿಲಿನ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ: ದಪ್ಪ ಕಾಲುಚೀಲ ಹಾಕಿಕೊಂಡರೆ ದೇವರೇನೂ ಮುನಿಯಲಾರ.