ಬಂಡವಾಳಕ್ಕೆ ಮೊದಲು ಬೇಕಾದದ್ದು



ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ 'ಅಡಿಕೆ ಧಾರಣೆ' ಎಂಬ ಸಣ್ಣ ಅಂಕಣವನ್ನು ನೀವು ನೋಡಿರುತ್ತೀರಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಹೆಸರುಗಳ ಮುಂದೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಬಗೆಯ ಅಡಿಕೆಯ ದರ ಅಚ್ಚಾಗಿರುತ್ತದೆ. ತೋಟವಿಲ್ಲದ ನಮ್ಮಲ್ಲಿ ಅನೇಕರು ಅದನ್ನು ಓದದೆ ಪುಟ ತಿರುವುತ್ತೇವೆ. ಆದರೆ ಸ್ವಂತ ಉದ್ಯಮದ ಕನಸು ಕಾಣುವವರು ಕಲಿಯಬೇಕಾದ ಇತಿಹಾಸದ ಪಾಠವೊಂದು ಆ ನಾಲ್ಕು ಸಾಲುಗಳ ಹಿಂದೆ ಇದೆ.

ಹಿಂದೆ ನಮ್ಮ ದೇಶದ ಎಷ್ಟೋ ಪೇಟೆಗಳಲ್ಲಿ ದರ ಎಂಬುದು ಗುಟ್ಟಿನ ಮಾತಾಗಿತ್ತು. ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ವ್ಯಾಪಾರ ಕುದುರಿಸುವ ಪದ್ಧತಿ ಇತ್ತು. ಮಾಲು ತಂದ ರೈತನಿಗೆ ಪಕ್ಕದವನ ಮಾಲು ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಮುಂಗಡ ಸಾಲ ಪಡೆದವನು ಸಾಲ ಕೊಟ್ಟ ಅಂಗಡಿಗೇ ಬೆಳೆ ಒಪ್ಪಿಸಬೇಕಾಗಿತ್ತು. 1904ರಲ್ಲಿ ಸಹಕಾರಿ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಆಗ ನಮ್ಮ ಉತ್ತರ ಕನ್ನಡವೂ ಗದಗದಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಗಾಳಿ ಘಟ್ಟದ ಮೇಲಿನ ತೋಟಗಳಿಗೂ ಬೀಸಿತು. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರು ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ನಾವು ಟಿ.ಎಸ್.ಎಸ್. ಎಂದು ಕರೆಯುವ ಸಂಸ್ಥೆ ಅದು.

ಈ ಸಂಸ್ಥೆ ಮಾಡಿದ್ದೇನು? ತೋಟಗಾರರಿಗೆ ಹಣ ಹಂಚಿದ್ದಷ್ಟೇ ಅಲ್ಲ. ಅಡಿಕೆಯನ್ನು ಎಲ್ಲರ ಕಣ್ಣೆದುರಿನ ಅಂಗಳಕ್ಕೆ ತಂದಿತು. ಮಾಲನ್ನು ಬಗೆ ಬಗೆಯಾಗಿ ವಿಂಗಡಿಸಿ ಇಡುವುದು, ವ್ಯಾಪಾರಿಗಳು ನೋಡಿ ಟೆಂಡರ್ ಬರೆಯುವುದು, ಹೆಚ್ಚು ಬರೆದವರಿಗೆ ಮಾಲು ಹೋಗುವುದು, ದರ ಎಲ್ಲರಿಗೂ ತಿಳಿಯುವುದು. ಇದರಲ್ಲಿ ವ್ಯಾಪಾರಿ ಶತ್ರುವಲ್ಲ. ಪ್ರಾಮಾಣಿಕ ವ್ಯಾಪಾರಿಗೂ ಇದರಿಂದ ಅನುಕೂಲವೇ. 2019ರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ 'ಶಿರಸಿ ಸುಪಾರಿ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಬ್ಬೊಬ್ಬರೇ ಗುಟ್ಟಾಗಿ ಮಾರುತ್ತಿದ್ದರೆ ಮೂರು ತಾಲೂಕಿಗೆ ಸೇರಿ ಒಂದು ಹೆಸರು ಬರುತ್ತಿತ್ತೇ? ಯೋಚಿಸಿ ನೋಡಿ.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಿನ ಕಾಳು ಒದ್ದೆಯಾಗಿತ್ತು. ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಆ ವ್ಯಾಪಾರಿಯನ್ನು ಎಚ್ಚರಿಸಿದರು. ಇನ್ನೊಂದು ಪ್ರಸಂಗ ಇದಕ್ಕಿಂತಲೂ ಸ್ವಾರಸ್ಯವಾದದ್ದು. ನೆರವು ಬೇಡಿ ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿ ಒಂದು ಹೊದಿಕೆ, ಒಂದು ಬಟ್ಟಲು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರವಾದಿ(ಸ)ರು ಅವೆರಡನ್ನೂ ಎಲ್ಲರ ಮುಂದೆ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರುಂಟೇ ಎಂದು ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟರು. ಒಂದು ದಿರ್ಹಮ್ ಮನೆಯ ಆಹಾರಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ಕಾವು ಹಾಕಿದ್ದು ಸ್ವತಃ ಪ್ರವಾದಿ(ಸ)ರು. ಸೌದೆ ಕಡಿದು ಮಾರಿ ಹದಿನೈದು ದಿನಗಳ ನಂತರ ಬರುವಂತೆ ತಿಳಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಬಂದ.

ಗಮನಿಸಿ. ಇದರಲ್ಲಿ ದಾನ ಇಲ್ಲ. ಬಹಿರಂಗ ದರ ಇದೆ, ಮನೆಖರ್ಚು ಮತ್ತು ಬಂಡವಾಳವನ್ನು ಬೇರೆಯಾಗಿ ಇಡುವ ಲೆಕ್ಕ ಇದೆ, ಉಪಕರಣ ಇದೆ, ಗಡುವು ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಡುವು ಮುಗಿದ ಮೇಲೆ ವಿಚಾರಿಸುವ ಒಬ್ಬ ಮಾರ್ಗದರ್ಶಿ ಇದ್ದಾರೆ. ಇಂದು ಬೆಂಗಳೂರಿನಲ್ಲಿ ಸ್ಟಾರ್ಟ್‌ಅಪ್ ಎಂದು ಕರೆಯುವ ಹೊಸ ಕಂಪನಿಗಳಿಗೆ ಅನುಭವಿಗಳು ನೀಡುವ ಮಾರ್ಗದರ್ಶನದ ತಿರುಳೂ ಇಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲಸಿನ ಚಿಪ್ಸ್ ತಯಾರಿಸುವ ಯೋಚನೆಯೊಂದಿಗೆ ಬಂದಿದ್ದ. ನಾನು ಬೆನ್ನು ತಟ್ಟಿ, ದುಆ ಮಾಡಿ ಕಳುಹಿಸಿದೆ. ಎಣ್ಣೆಗೆ ಎಷ್ಟು, ಪೊಟ್ಟಣಕ್ಕೆ ಎಷ್ಟು, ಹಲಸಿಲ್ಲದ ತಿಂಗಳುಗಳಲ್ಲಿ ಏನು ಮಾಡುವೆ ಎಂದು ಕೇಳಲಿಲ್ಲ. ತಿನಿಸಿನ ವ್ಯಾಪಾರ ಬಲ್ಲ ಹಿರಿಯರು ನಮ್ಮ ಜಮಾಅತ್‌ನಲ್ಲೇ ಇದ್ದರು. ಅವರ ಬಳಿ ಕರೆದೊಯ್ಯಲಿಲ್ಲ. ಅವನೂ ಯಾರಾದರೂ ಯೋಚನೆ ಕದ್ದಾರೆಂದು ಯಾರಿಗೂ ಬಾಯಿ ಬಿಡಲಿಲ್ಲ. ಎರಡನೆಯ ಮಳೆಗಾಲಕ್ಕೆ ಒಲೆ ಆರಿತು. ಆತ ಈಗ ದೂರದ ಊರಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುತ್ತಿದ್ದಾನೆ. ಅವನಿಗೆ ಕಡಿಮೆ ಬಿದ್ದದ್ದು ಹಣವಲ್ಲ, ಕೇಳುವವರು.

ಕೇಳುವವರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು, ಅವರಲ್ಲಿ ಮುಸ್ಲಿಂ ಸಹೋದರಿಯರೂ ಇದ್ದಾರೆ, ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಮನೆ ಮಕ್ಕಳ ಚಳಿಗೆಂದು ಹೊಲಿಯುತ್ತಿದ್ದ ಈ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಗಮನಿಸಿದರು. 2004ರಲ್ಲಿ ಮಹಿಳೆಯರ ಕೌದಿ ಸಹಕಾರಿ ಗುಂಪು ರೂಪುಗೊಂಡಿತು. 2011ರಲ್ಲಿ ಅವು ಅಮೆರಿಕದಲ್ಲಿ ಪ್ರದರ್ಶನಗೊಂಡವು. ಕೈಚಳಕ ಮೊದಲೂ ಇತ್ತು. ಅದಕ್ಕೆ ಪೇಟೆಯ ದಾರಿ ತೋರಿಸುವವರು ಬೇಕಾಗಿತ್ತು.

ಸಂಸ್ಥೆಗಳೂ ಇಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅಲ್ಲಿ ಉಚಿತ ತರಬೇತಿ ಮಾತ್ರವಲ್ಲ, ತರಬೇತಿಯ ನಂತರವೂ ಬೆನ್ನು ಹಿಡಿದು ವಿಚಾರಿಸುವ ಕ್ರಮವಿದೆ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ನಮ್ಮ ಜಿಲ್ಲೆಯಲ್ಲಿ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಆದರೆ ಅಲ್ಲಿಯವರೆಗೆ ಹೋಗಲು ಧೈರ್ಯ ತುಂಬುವವರು ಊರಿನಲ್ಲೇ ಇರಬೇಕು.

ಇದೇ ಜಿಲ್ಲೆಯ ಭಟ್ಕಳದಲ್ಲಿ 1919ರಲ್ಲಿ, ಟಿ.ಎಸ್.ಎಸ್. ಹುಟ್ಟುವ ನಾಲ್ಕು ವರ್ಷ ಮೊದಲೇ, ಹಿರಿಯರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಕಟ್ಟಿದರು. ವಿದ್ಯೆಗಾಗಿ ಹಣ ಕೂಡಿಸುವುದು ನಮ್ಮ ಸಮುದಾಯಕ್ಕೆ ಗೊತ್ತು. ಇನ್ನು ಅನುಭವವನ್ನೂ ಕೂಡಿಸೋಣ. ಸಂಸ್ಥೆಯ ಸದಸ್ಯರಲ್ಲಿ ಗ್ಯಾರೇಜ್ ನಡೆಸುವವರು, ಮರಗೆಲಸದವರು, ಬೇಕರಿಯವರು, ಹೊಲಿಗೆ ಬಲ್ಲ ತಾಯಂದಿರು ಇದ್ದೀರಿ. ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಹಾಳೆ ಇಡೋಣ. ನಿಮ್ಮ ಹೆಸರು, ಕಸುಬು, ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲಿರಿ ಎಂದು ಬರೆಯಿರಿ. ನೀವು ಕಂಡ ಲಾಭವನ್ನಷ್ಟೇ ಅಲ್ಲ, ಅನುಭವಿಸಿದ ನಷ್ಟವನ್ನೂ ಮಕ್ಕಳಿಗೆ ಹೇಳಿರಿ. ಒದ್ದೆ ಕಾಳು ಮೇಲೆ ಇರಲಿ.

ವಿದ್ಯಾರ್ಥಿಗಳೇ, ನಿಮ್ಮ ಯೋಚನೆಯನ್ನು ಹಿರಿಯರೊಬ್ಬರ ಮುಂದೆ ಬಿಚ್ಚಿಡಿ. ಒಂದು ವಹಿ ಕೊಂಡು ಮೊದಲ ದಿನದಿಂದಲೇ ಲೆಕ್ಕ ಬರೆಯಿರಿ. ಹದಿನೈದು ದಿನ ಬಿಟ್ಟು ಅದೇ ಹಿರಿಯರ ಬಳಿಗೆ ವಹಿಯೊಂದಿಗೆ ಮತ್ತೆ ಹೋಗಿ. ಅಲ್ಲಾಹನು ನಿಮ್ಮ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ.