ಹಲಗಲಿಯ ಲಾವಣಿ: ಸೋತವರ ಲೆಕ್ಕದ ಪುಸ್ತಕ

1857ರ ಸಂಗ್ರಾಮವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ಮೀರತ್, ದೆಹಲಿ, ಕಾನ್ಪುರ, ಝಾನ್ಸಿ ಮೊದಲಾದ ಉತ್ತರದ ನಗರಗಳು. ಆ ಕಿಚ್ಚು ಕನ್ನಡ ನಾಡನ್ನೂ ತಟ್ಟಿತ್ತೆಂದು ಬಲ್ಲವರು ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ, ಸುರಪುರದ ವೆಂಕಟಪ್ಪ ನಾಯಕರನ್ನು ನೆನೆಯುತ್ತಾರೆ. ಇವರೆಲ್ಲ ಸಂಸ್ಥಾನಿಕರು, ಇಲ್ಲವೆ ಹೆಸರುವಾಸಿಯಾದ ಮನೆತನಗಳವರು. ಇವರ ಪ್ರತಿಭಟನೆಗಳು ನಡೆದುದು 1858ರಲ್ಲಿ. ಅದಕ್ಕೂ ಮೊದಲು, 1857ರ ನವೆಂಬರ್ ತಿಂಗಳ ಕೊನೆಯಲ್ಲಿ, ಯಾವ ಅರಸುತನದ ಹಂಗೂ ಇಲ್ಲದ ಒಂದು ಸಣ್ಣ ಹಳ್ಳಿಯ ಬೇಡರು ಕಂಪನಿ ಸರಕಾರಕ್ಕೆ ಎದುರು ನಿಂತರು; ಕೆಲವೇ ದಿನಗಳಲ್ಲಿ ಸೋತು ನಾಶವಾದರು. ಆ ಹಳ್ಳಿಯೇ ಹಲಗಲಿ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿರುವ ಈ ಗ್ರಾಮ ಅಂದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು.

ಈ ಸಣ್ಣ ಘಟನೆ ಇಂದಿಗೂ ನಾಡಿನ ಸ್ಮೃತಿಯಲ್ಲಿ ಉಳಿದಿರುವುದಕ್ಕೆ ಒಂದು ಲಾವಣಿಯೇ ಮುಖ್ಯ ಕಾರಣ. ಆ ಲಾವಣಿಯ ಸಾಹಿತ್ಯಗುಣವನ್ನು ವಿದ್ವಾಂಸರು ವಿವೇಚಿಸಿದ್ದಾರೆ. ಸೋಲೊಂದನ್ನು ಪ್ರಾಮಾಣಿಕವಾಗಿ ನೆನಪಿಡುವುದು ಹೇಗೆ ಎಂಬುದಕ್ಕೆ ಅದು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ವಾಚಕರ ಗಮನಕ್ಕೆ ತರುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಘಟನೆಯ ಸ್ವರೂಪವನ್ನು ನೋಡೋಣ. ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಬೆದರಿದ ಕಂಪನಿ ಸರಕಾರವು 1857ರ ಸೆಪ್ಟೆಂಬರಿನಲ್ಲಿ ಆಯುಧಗಳ ಮೇಲೆ ಹತೋಟಿ ತರುವ ಕಾಯಿದೆಯೊಂದನ್ನು ಮಾಡಿತು. ಜನರ ಕೈಯಲ್ಲಿದ್ದ ಶಸ್ತ್ರಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಹುಕುಮು ಊರೂರಿಗೆ ಬಂದಿತು. ಸರಕಾರದ ದೃಷ್ಟಿಯಲ್ಲಿ ಇದು ಮುನ್ನೆಚ್ಚರಿಕೆಯ ಕ್ರಮ. ಆದರೆ ಬೇಡರ ಪಾಲಿಗೆ ಆಯುಧವೆಂದರೆ ಒಕ್ಕಲಿಗನಿಗೆ ನೇಗಿಲಿದ್ದಂತೆ, ವ್ಯಾಪಾರಿಗೆ ತಕ್ಕಡಿಯಿದ್ದಂತೆ. ಬೇಟೆ, ಕಾವಲು, ಕುಲದ ಮಾನ ಎಲ್ಲವೂ ಅದನ್ನೇ ಅವಲಂಬಿಸಿದ್ದುವು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ದಂಡು ಬಂದಿತು, ಊರಿಗೆ ಬೆಂಕಿ ಬಿದ್ದಿತು. ಸೆರೆಸಿಕ್ಕವರು 290 ಮಂದಿ. ಅವರಲ್ಲಿ 19 ಮಂದಿಯನ್ನು ಡಿಸೆಂಬರ್ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು: 13 ಮಂದಿಯನ್ನು ಮುಧೋಳದಲ್ಲಿ, ಉಳಿದ 6 ಮಂದಿಯನ್ನು ಅವರ ಸ್ವಂತ ಊರಾದ ಹಲಗಲಿಯಲ್ಲಿ. ಗಲ್ಲಿನ ಸ್ಥಳಗಳನ್ನು ಹೀಗೆ ಆಯ್ದುದರ ಉದ್ದೇಶವನ್ನು ವಿವರಿಸಬೇಕಾಗಿಲ್ಲ. ನೋಡಿದವರು ಹೆದರಲಿ, ಕೇಳಿದವರು ಮರೆಯದಿರಲಿ ಎಂಬುದೇ ಅದು.

ಜನರು ಮರೆಯಲಿಲ್ಲವೆಂಬುದು ನಿಜ. ಆದರೆ ಸರಕಾರ ಬಯಸಿದ ರೀತಿಯಲ್ಲಿ ಅವರು ಅದನ್ನು ನೆನಪಿಡಲಿಲ್ಲ. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಸೀಮೆಯಲ್ಲಿ ಲಾವಣಿ ಹಾಡುವ ಮೇಳಗಳು ಊರೂರಿನಲ್ಲಿದ್ದುವು. ಡಪ್ಪು, ತಾಳ, ತುಂತುಣಿಗಳ ಹಿಮ್ಮೇಳದೊಡನೆ ಜಾತ್ರೆ ಉತ್ಸವಗಳಲ್ಲಿ ರಾತ್ರಿಯಿಡೀ ಹಾಡುವ ಈ ಕಲಾವಿದರು ಪುರಾಣದ ಕಥೆಗಳ ಜೊತೆಗೆ ತಮ್ಮ ಸೀಮೆಯಲ್ಲಿ ನಡೆದ ಘಟನೆಗಳನ್ನೂ ಪದ ಕಟ್ಟಿ ಹಾಡುತ್ತಿದ್ದರು. ಪತ್ರಿಕೆಯನ್ನು ಓದಲಾರದ ಜನಕ್ಕೆ ಲಾವಣಿಕಾರನೇ ವರದಿಗಾರ, ಅವನೇ ಚರಿತ್ರಕಾರ. ಹಲಗಲಿಯ ಕಥನವೂ ಇಂಥ ಬಾಯಿಂದ ಬಾಯಿಗೆ ಸಾಗಿ ಬಂದ ಹಾಡು. ಕುರ್ತಕೋಟಿಯ ಕಲ್ಮೇಶನ ಹೆಸರು ಅದರಲ್ಲಿ ಅಂಕಿತವಾಗಿ ಬರುತ್ತದೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಈ ಲಾವಣಿಗೆ ಸ್ಥಾನ ದೊರೆತುದರಿಂದ, ಡಪ್ಪಿನ ದನಿಯನ್ನೇ ಕೇಳದ ಮಕ್ಕಳೂ ಹಲಗಲಿಯ ಹೆಸರನ್ನು ಬಲ್ಲವರಾದರು.

ಲಾವಣಿಯ ಕಥೆ ನೇರವಾದುದು. ಸಮುದ್ರದಾಚೆಯ ವಿಲಾಯಿತಿಯಿಂದ ಹುಕುಮು ಹೊರಡುತ್ತದೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಸಲತ್ತು ಮಾಡುತ್ತಾರೆ. ಕೈಯಲ್ಲಿರುವ ಹತಾರವನ್ನು ಕೊಟ್ಟ ಬಳಿಕ ಬದುಕಿದ್ದರೂ ಸತ್ತಂತೆಯೇ ಎಂಬುದು ಅವರ ನಿರ್ಣಯ. ಮುಂದೆ ಕಾರಕೂನನ ಕೆನ್ನೆಗೆ ಏಟು ಬೀಳುತ್ತದೆ, ಸಿಪಾಯಿಯೊಬ್ಬನು ಸಾಯುತ್ತಾನೆ, ಸಾಹೇಬರಿಗೆ ಸುದ್ದಿ ಮುಟ್ಟುತ್ತದೆ, ದಂಡು ಹೊರಡುತ್ತದೆ. ಕಾಳಗ, ಸಾವು, ಬೆಂಕಿ, ಲೂಟಿ. ಕೊನೆಗೆ ಗುರುತು ಸಿಕ್ಕದಂತೆ ಬೂದಿಯಾದ ಊರು. ಇಷ್ಟೇ ಕಥೆ.

ಇಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಮನನೀಯವಾಗಿವೆ. ಮೊದಲನೆಯದು, ಹಾಡುಗಾರನು ತನ್ನವರ ಪಕ್ಷದ ಕೃತ್ಯಗಳನ್ನು ಮುಚ್ಚಿಡದಿರುವುದು. ಕಾರಕೂನನು ಹುಕುಮು ಬರೆದವನಲ್ಲ, ಹೊತ್ತು ತಂದವನು. ಅವನ ಮೇಲೆ ಕೈ ಮಾಡಿದುದನ್ನು ಬಿಟ್ಟು ಹಾಡಿದ್ದರೆ ಕೇಳುವವರಾರೂ ಆಕ್ಷೇಪಿಸುತ್ತಿರಲಿಲ್ಲ. ನಾಯಕರ ಕೀರ್ತಿ ಇನ್ನಷ್ಟು ಬೆಳಗುತ್ತಿತ್ತು. ಆದರೂ ಲಾವಣಿಕಾರನು ಅದನ್ನು ಬಿಡಲಿಲ್ಲ. ಅಹಿಂಸೆಯನ್ನು ಬಾಳಿನ ವ್ರತವೆಂದು ಬಗೆದ ವಾಚಕನಿಗೆ ಈ ಹಾಡನ್ನು ಮೆಚ್ಚುವುದು ಹೇಗೆಂಬ ಸಂದೇಹ ಬರುವುದು ಸಹಜ. ಕೊಲೆಯನ್ನು ಮೆಚ್ಚಬೇಕಾಗಿಲ್ಲ. ಹೊಡೆತದಿಂದ ಹೊಡೆತ ಹುಟ್ಟಿ, ಏಟೊಂದರಿಂದ ಮೊದಲಾದುದು ಊರಿನ ದಹನದಲ್ಲಿ ಮುಗಿದ ಕ್ರಮವನ್ನು ಯಾವ ಮರೆಮಾಚುವಿಕೆಯೂ ಇಲ್ಲದೆ ಮುಂದಿಟ್ಟ ಸತ್ಯನಿಷ್ಠೆಯನ್ನು ಮೆಚ್ಚಿದರೆ ಸಾಕು.

ಎರಡನೆಯದು ಲೂಟಿಯ ವರ್ಣನೆ. ಜಮಾ-ಖರ್ಚಿನ ಪುಸ್ತಕಗಳ ನಡುವೆ ಆಯುಷ್ಯ ಕಳೆದವರ ಗಮನವನ್ನು ಈ ಭಾಗ ಹಿಡಿದು ನಿಲ್ಲಿಸುತ್ತದೆ. ದಂಡಿನವರು ಹಲಗಲಿಯಿಂದ ಏನೇನು ಒಯ್ದರೆಂದು ಹೇಳುವಾಗ ಹಾಡುಗಾರನು ಬಂಗಾರದ ರಾಶಿಯನ್ನು ಕಲ್ಪಿಸುವುದಿಲ್ಲ. ಅವನ ಯಾದಿಯಲ್ಲಿ ಬರುವುವು ಕೊಡಲಿ, ಕಬ್ಬಿಣದ ಸಾಮಾನು, ಹಾಲು, ಮೊಸರು, ಬೆಣ್ಣೆ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ. ಗಂಗಾಳ, ಚರಗಿ, ಬೀಸುವ ಕಲ್ಲು. ಇವುಗಳ ನಡುವೆಯೇ, ದನಿಯನ್ನು ಏರಿಸದೆ, ಮಂಗಳಸೂತ್ರವನ್ನೂ ಅವನು ಎಣಿಸುತ್ತಾನೆ.

ಈ ಯಾದಿಯನ್ನು ಸಾವಧಾನವಾಗಿ ಪರಿಶೀಲಿಸಬೇಕು. ಬೀಸುವ ಕಲ್ಲಿಗೆ ಪೇಟೆಯಲ್ಲಿ ಬರುವ ಬೆಲೆ ಎಷ್ಟು? ಆದರೆ ಅದು ಹೋದ ಮನೆಯಲ್ಲಿ ಮರುದಿನದ ರೊಟ್ಟಿಗೆ ಹಿಟ್ಟಿಲ್ಲ. ಕೊಡಲಿ ಹೋದ ಮನೆಗೆ ಸೌದೆಯಿಲ್ಲ. ಉಪ್ಪು ಮೊದಲಾಗಿ ಒಂದು ಬಡ ಸಂಸಾರ ನಡೆಯಲು ಬೇಕಾದ ಪರಿಮಿತ ಪರಿಗ್ರಹವೆಷ್ಟೋ ಅಷ್ಟೂ ಅಲ್ಲಿದೆ. ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಹಾಡುಗಾರನು ಸೈನ್ಯದ ಕ್ರೌರ್ಯವನ್ನು ವಿಶೇಷಣಗಳಿಂದ ತುಂಬಿ ಹೇಳಬೇಕಾಗಲಿಲ್ಲ. ಹೋದ ವಸ್ತುಗಳ ತಪಶೀಲನ್ನು ಒಪ್ಪಿಸಿದನು. ಒಯ್ದವರ ಗುಣವೂ ಕಳೆದುಕೊಂಡವರ ಬಡತನವೂ ಅದರಿಂದಲೇ ತಿಳಿದುವು.

ಸರಕಾರದ ದಫ್ತರವೂ ಒಂದು ಲೆಕ್ಕವೇ. ಸೆರೆಯಾದವರು ಇಷ್ಟು, ಗಲ್ಲಿಗೇರಿದವರು ಇಷ್ಟು ಎಂದು ಅದು ಮೊತ್ತವನ್ನು ಹೇಳುತ್ತದೆ. ಆ ಅಂಕಿಗಳು ನಮಗೆ ಅವಶ್ಯ. ಅವಿಲ್ಲದೆ ಘಟನೆಯ ಗಾತ್ರ ತಿಳಿಯದು. ಆದರೆ ಬರಿಯ ಮೊತ್ತವಿದ್ದು ಬಾಬುವಾರು ವಿವರವಿಲ್ಲದ ಲೆಕ್ಕವನ್ನು ಯಾವ ಜಾಣ ವ್ಯಾಪಾರಿಯೂ ಒಪ್ಪುವುದಿಲ್ಲ. ದಫ್ತರದಲ್ಲಿಲ್ಲದ ಬಾಬುಗಳು ಲಾವಣಿಯಲ್ಲಿವೆ. ಲಾವಣಿಯಲ್ಲಿಲ್ಲದ ತಾರೀಖು, ಮೊತ್ತಗಳು ದಫ್ತರದಲ್ಲಿವೆ. ಎರಡನ್ನೂ ತಾಳೆ ನೋಡಿದಾಗಲೇ ಹಲಗಲಿಯ ಇತಿಹಾಸದ ಲೆಕ್ಕ ಪೂರ್ಣವಾದೀತು.

ಹಲಗಲಿಗೆ ಸುಮಾರು ಕಾಲು ಶತಮಾನದ ಹಿಂದೆ ನಡೆದ ಸಂಗೊಳ್ಳಿ ರಾಯಣ್ಣನ ಬಂಡಾಯದಲ್ಲಿಯೂ ಇದೇ ಮಾತು ಬೇರೊಂದು ರೂಪದಲ್ಲಿ ಕಾಣುತ್ತದೆ. 1824ರಲ್ಲಿ ಕಿತ್ತೂರು ಕಂಪನಿಯ ವಶವಾದ ಮೇಲೆ, ಚಾಕರಿಗಾಗಿ ಹಿಂದಿನಿಂದ ಬಿಟ್ಟಿದ್ದ ಭೂಮಿಗಳ ಮೇಲೆ ಹೊಸ ಸರಕಾರದ ಕಣ್ಣು ಬಿದ್ದಿತು. 1830ರ ಜನವರಿಯಲ್ಲಿ ರಾಯಣ್ಣನ ಕಡೆಯವರು ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟರು. ಲೆಕ್ಕಪತ್ರವನ್ನು ಪವಿತ್ರವೆಂದು ತಿಳಿದವರಿಗೆ ಇದು ಅತಿರೇಕವೆನಿಸಬಹುದು. ಆದರೆ ಭೂಮಿ ಕಳೆದುಕೊಂಡವನ ದೃಷ್ಟಿಯಲ್ಲಿ ಕಚೇರಿಯ ಕಾಗದವೇ ತನ್ನ ಹೊಲವನ್ನು ಒಯ್ದ ಆಯುಧವಾಗಿತ್ತು. ರಾಯಣ್ಣನು ತನ್ನವರ ದ್ರೋಹದಿಂದಲೇ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದನು. ಅವನ ಕಥೆಯೂ ಲಾವಣಿಯಾಯಿತು. ಅದನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 1885ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದವರು ನಮ್ಮ ಶಾಸನಗಳ ಅಧ್ಯಯನದಿಂದ ಪ್ರಸಿದ್ಧರಾದ ಜೆ.ಎಫ್. ಫ್ಲೀಟ್. ಅವರು ಆ ಸರಕಾರದ ಅಧಿಕಾರಿಯೇ ಆಗಿದ್ದರು. ಸರಕಾರವು ಅಪರಾಧಿಯೆಂದು ನೇಣಿಗೇರಿಸಿದವನ ಹಾಡನ್ನು ಅದೇ ಸರಕಾರದ ನೌಕರನೊಬ್ಬನು ಅರ್ಧ ಶತಮಾನದ ತರುವಾಯ ಗೌರವದಿಂದ ಬರೆದಿಟ್ಟನೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಎದುರು ಪಕ್ಷದವರ ಖಾತೆಯನ್ನೂ ಕಾಪಾಡುವ ಗುಣ ವಿದ್ವತ್ತಿಗೆ ಭೂಷಣವೆಂಬುದಕ್ಕೆ ಇದು ನಿದರ್ಶನ.

ಇಂದು ಹಲಗಲಿಯ ಬೇಡರೂ ರಾಯಣ್ಣನೂ ನಾಡಿನ ವೀರರೆಂದು ಗೌರವ ಪಡೆಯುತ್ತಿದ್ದಾರೆ. ಇದು ಯೋಗ್ಯವೇ ಆಗಿದೆ. ಆದರೆ ಗೌರವದ ಭರದಲ್ಲಿ ಒಂದು ಅಪಾಯವೂ ಇದೆ. ಪ್ರತಿಮೆಯ ಮುಂದೆ ಹಾಡುವಾಗ ಕಾರಕೂನನ ಕೆನ್ನೆಯ ಏಟನ್ನು ಬಿಡಬೇಕೆನಿಸುತ್ತದೆ. ತನ್ನವರೇ ದ್ರೋಹ ಮಾಡಿದ ಸಂಗತಿಯನ್ನು ಮೆಲ್ಲಗೆ ದಾಟಬೇಕೆನಿಸುತ್ತದೆ. ಬೀಸುವ ಕಲ್ಲನ್ನು ತೆಗೆದು ಅಲ್ಲಿ ಖಡ್ಗವನ್ನಿಡಬೇಕೆನಿಸುತ್ತದೆ. ಸೋಲನ್ನು ಗೆಲುವೆಂದು ತೋರಿಸುವ ಆಸೆ ಎಲ್ಲ ಸಮಾಜಗಳಿಗೂ ಇರುವಂಥದೇ. ನಷ್ಟವನ್ನು ಲಾಭದ ಕಡೆಗೆ ಬರೆದುಕೊಂಡ ಅಂಗಡಿ ಎಷ್ಟು ದಿನ ಬಾಳೀತು? ಪೂರ್ವಜರ ಲೆಕ್ಕವನ್ನು ಹೀಗೆ ತಿದ್ದುವವರು ಅವರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಸತ್ಯವ್ರತಕ್ಕಂತೂ ಅದರಿಂದ ಭಂಗವೇ.

ಹಲಗಲಿಯ ಲಾವಣಿಕಾರನು ಸೇಡಿನ ಕೂಗಿನಿಂದ ಹಾಡನ್ನು ಮುಗಿಸಲಿಲ್ಲ. ಊರು ಸುಟ್ಟಿತು, ಹೀಗೆ ಸುಟ್ಟಿತು, ಇಂತಿಂಥವು ಹೋದುವು ಎಂದು ಹೇಳಿ, ದೇವರನ್ನು ನೆನೆದು ನಿಲ್ಲಿಸಿದನು. ಕೇಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗಿರಬೇಕು. ನಮ್ಮ ಊರುಗಳಲ್ಲಿಯೂ ಮನೆತನಗಳಲ್ಲಿಯೂ ಕಳೆದುಹೋದುದನ್ನು ನೆನೆಯುವ ಪ್ರಸಂಗಗಳು ಬರುತ್ತಿರುತ್ತವೆ. ಆಗ ನಾವು ಎತ್ತಿ ಹೇಳುವುದು ಯಾರ ಮೇಲಿನ ವೈರವನ್ನು, ಯಾರ ಬೀಸುವ ಕಲ್ಲನ್ನು ಎಂದು ಕೇಳಿಕೊಳ್ಳುವ ಅಭ್ಯಾಸ ನಮಗೆ ಬಂದರೆ, ಆ ಹೆಸರಿಲ್ಲದ ಹಾಡುಗಾರನ ಶ್ರಮ ಸಾರ್ಥಕವಾದಂತೆ.